ಇಸಬಿನ ವಿಚಾರ

ಕಲಾ ವಿಭಾಗದ ವಿದ್ಯಾರ್ಥಿಯೊಬ್ಬನು ಚರ್ಮವ್ಯಾಧಿಯನ್ನು ಕುರಿತು ಲೇಖನ ಬರೆಯಹೊರಟರೆ ಅದು ಅಧಿಕಪ್ರಸಂಗವೆಂದು ತೋರಬಹುದು. ನಾನು ಓದಿರುವುದು ಇತಿಹಾಸ, ಅರ್ಥಶಾಸ್ತ್ರ ಮತ್ತು ಐಚ್ಛಿಕ ಕನ್ನಡ. ವೈದ್ಯಶಾಸ್ತ್ರದಲ್ಲಿ ನನಗೆ ಯಾವ ಪ್ರವೇಶವೂ ಇಲ್ಲ. ಆದರೆ ಈ ವ್ಯಾಧಿಯೊಡನೆ ನನಗಿರುವ ಪರಿಚಯ ಹದಿನೆಂಟು ವರ್ಷದ್ದು. ಎರಡನೆಯ ವಯಸ್ಸಿನಲ್ಲಿ ಕೆನ್ನೆಯ ಮೇಲೆ ಕಾಣಿಸಿಕೊಂಡ ಇಸಬು ಆಮೇಲೆ ಮೊಣಕೈಯ ಮಡಿಕೆಗೂ ಮೊಣಕಾಲಿನ ಹಿಂಬದಿಗೂ ಇಳಿದು ಇಂದಿಗೂ ನನ್ನನ್ನು ಪೂರ್ತಿಯಾಗಿ ಬಿಟ್ಟಿಲ್ಲ. ನಮ್ಮ ತಂದೆಯವರ ಕೈಗಳಲ್ಲಿ ಬೇರೊಂದು ಬಗೆಯ ಇಸಬಿದೆ. ಒಂದೇ ಮನೆಯಲ್ಲಿ ಎರಡು ಮಾದರಿಗಳನ್ನು ಹತ್ತಿರದಿಂದ ಕಂಡವನೆಂಬ ಅರ್ಹತೆಯೊಂದೇ ಈ ಬರವಣಿಗೆಗೆ ಆಧಾರ.

ಬರೆಯಬೇಕೆಂಬ ಯೋಚನೆ ಹುಟ್ಟಿದ ಸಂದರ್ಭವನ್ನೂ ಹೇಳಿಬಿಡುತ್ತೇನೆ. ನಾನು ಮೊದಲನೆಯ ವರ್ಷದಲ್ಲಿದ್ದಾಗ ವಿದ್ಯಾರ್ಥಿನಿಲಯದಲ್ಲಿ ಒಂದು ರಾತ್ರಿ ಅನ್ನ ಬಡಿಸುವ ಸರದಿ ನನ್ನದಾಗಿತ್ತು. ತೋಳನ್ನು ಮಡಿಸಿಕೊಂಡು ಸೌಟು ಹಿಡಿದಿದ್ದೆ. ಸಾಲಿನಲ್ಲಿ ಕುಳಿತಿದ್ದ ಒಬ್ಬ ಮಿತ್ರನು ತಟ್ಟೆಯನ್ನು ಹಿಂದಕ್ಕೆಳೆದುಕೊಂಡು, "ಇವನಿಗೆ ಕಜ್ಜಿ ಇದೆ, ಬೇರೆಯವರು ಬಡಿಸಲಿ" ಎಂದನು. ಅವನ ಮೇಲೆ ನನಗೆ ಈಗ ಕೋಪವಿಲ್ಲ. ಅವನಿಗೆ ತಿಳಿದಿದ್ದುದೇ ಅಷ್ಟು. ಆದರೆ ಅಂದು ಸೌಟನ್ನು ಇನ್ನೊಬ್ಬರ ಕೈಗೆ ಕೊಟ್ಟು ಹೋದ ನಾನು ಆ ವರ್ಷವಿಡೀ ಉದ್ದ ತೋಳಿನ ಅಂಗಿಯನ್ನೇ ತೊಟ್ಟೆ. ಬೇಸಿಗೆಯಲ್ಲಿ ಬೆವರು ನಿಂತು ವ್ಯಾಧಿ ಇಮ್ಮಡಿಯಾಯಿತು.

ಆದುದರಿಂದ ಮೊದಲು ಹೇಳಬೇಕಾದ ಮಾತು ಇದು: ಇಸಬು ಅಂಟುವ ರೋಗವಲ್ಲ. ಮುಟ್ಟಿದರೆ ಬಾರದು, ಒಂದೇ ತಟ್ಟೆಯಲ್ಲಿ ಉಂಡರೆ ಬಾರದು, ಒಂದೇ ಹಾಸಿಗೆಯಲ್ಲಿ ಮಲಗಿದರೂ ಬಾರದು. ಕಜ್ಜಿ ಬೇರೆ, ಇಸಬು ಬೇರೆ. ಕಜ್ಜಿಗೆ ಕಾರಣ ಚರ್ಮದೊಳಗೆ ಬಿಲ ತೋಡುವ ಕಣ್ಣಿಗೆ ಕಾಣದಷ್ಟು ಚಿಕ್ಕ ಹುಳು. ಅದು ಬೆರಳುಗಳ ಸಂದಿಯಲ್ಲಿ ಹೆಚ್ಚು, ರಾತ್ರಿ ಹೊತ್ತು ಹೆಚ್ಚು, ಮನೆಯಲ್ಲಿ ಒಬ್ಬರಿಗೆ ಬಂದರೆ ಎಲ್ಲರಿಗೂ ಬರುತ್ತದೆ. ಗಜಕರ್ಣ ಅಥವಾ ಹುಳುಕಡ್ಡಿ ಎಂಬುದು ಶಿಲೀಂಧ್ರದಿಂದ ಬರುವುದು, ಉಂಗುರದಂತೆ ಅಂಚು ಕೆಂಪಾಗಿ ಎದ್ದು ನಡುವೆ ತಿಳಿಯಾಗಿರುತ್ತದೆ, ಅದೂ ಅಂಟುತ್ತದೆ. ಸೋರಿಯಾಸಿಸ್ ಎಂಬ ಇನ್ನೊಂದಿದೆ; ಅದು ಅಂಟುವುದಿಲ್ಲ, ಸಾಮಾನ್ಯವಾಗಿ ಮೊಣಕೈ ಮೊಣಕಾಲುಗಳ ಹೊರಬದಿಯಲ್ಲಿ ಬೆಳ್ಳಿಯ ಬಣ್ಣದ ಹೊಟ್ಟು ಕಟ್ಟುತ್ತದೆ. ನಮ್ಮ ಕಡೆ ಇವೆಲ್ಲವನ್ನೂ ಇಸಬೆಂದೋ ಕಜ್ಜಿಯೆಂದೋ ಒಂದೇ ಹೆಸರಿನಿಂದ ಕರೆದುಬಿಡುತ್ತಾರೆ. ಒಂದೇ ಹೆಸರಿಟ್ಟಮೇಲೆ ಔಷಧವನ್ನೂ ಒಂದೇ ಮಾಡಿಬಿಡುವುದು ಸಹಜ. ಅನರ್ಥ ಮೊದಲಾಗುವುದು ಅಲ್ಲಿಂದಲೇ.

ಇಸಬಿಗೆ ಇಂಗ್ಲಿಷಿನಲ್ಲಿರುವ ಎಕ್ಸಿಮಾ ಎಂಬ ಹೆಸರು ಗ್ರೀಕ್ ಭಾಷೆಯಿಂದ ಬಂದುದು. ಕುದಿದು ಉಕ್ಕುವುದೆಂದು ಅದರ ಅರ್ಥ. ಹೊಸದಾಗಿ ಕೆರಳಿದ ಇಸಬನ್ನು ನೋಡಿದವರಿಗೆ ಈ ಹೆಸರು ಎಷ್ಟು ಸರಿಯೆಂದು ಬೇರೆ ಹೇಳಬೇಕಾಗಿಲ್ಲ. ಚರ್ಮ ಕೆಂಪಾಗಿ, ಸಾಸಿವೆ ಕಾಳಿನಷ್ಟು ನೀರುಗುಳ್ಳೆಗಳು ಎದ್ದು, ಒಡೆದು ಒಸರುತ್ತವೆ. ಕಪ್ಪು ಮೈಬಣ್ಣದವರಲ್ಲಿ ಕೆಂಪು ಅಷ್ಟಾಗಿ ಕಾಣದು. ಬೂದು ಅಥವಾ ಕಡುಗಂದು ಬಣ್ಣವಾಗಿ ತೋರುತ್ತದೆ. ತಿಂಗಳುಗಟ್ಟಲೆ ಕೆರೆದಮೇಲೆ ಅದೇ ಜಾಗ ದಪ್ಪಗಾಗಿ, ಆನೆಯ ಚರ್ಮದಂತೆ ಗೆರೆ ಬಿದ್ದು, ಕಪ್ಪಾಗುತ್ತದೆ.

ಹಾಗಾದರೆ ಇದು ಏತಕ್ಕೆ ಬರುತ್ತದೆ? ನಮ್ಮ ತಂದೆಯವರು ಗಾರೆ ಕೆಲಸದವರು. ಆದುದರಿಂದ ವೈದ್ಯರು ಹೇಳಿದ ವಿವರಣೆ ನಮ್ಮಿಬ್ಬರಿಗೂ ಕೂಡಲೇ ಮನಸ್ಸಿಗೆ ಹಿಡಿಸಿತು. ಚರ್ಮದ ಎಲ್ಲಕ್ಕಿಂತ ಹೊರಗಿನ ಪದರವು ಕಾಗದದ ಹಾಳೆಗಿಂತಲೂ ತೆಳುವಾದುದು. ಅದರಲ್ಲಿ ಚಪ್ಪಟೆಯಾದ ಸತ್ತ ಕಣಗಳು ಇಟ್ಟಿಗೆಗಳಂತೆ ಒಂದರ ಮೇಲೊಂದು ಕುಳಿತಿರುತ್ತವೆ. ಅವುಗಳ ನಡುವೆ ಜಿಡ್ಡಿನ ಪದಾರ್ಥ ಗಾರೆಯಂತೆ ತುಂಬಿಕೊಂಡಿರುತ್ತದೆ. ಇದು ನಾನು ಕಟ್ಟಿದ ಉಪಮೆಯಲ್ಲ. ಚರ್ಮಶಾಸ್ತ್ರಜ್ಞರೇ ಇಟ್ಟಿಗೆ ಮತ್ತು ಗಾರೆ ಎಂಬ ಮಾತುಗಳನ್ನು ಬಳಸುತ್ತಾರೆ. ಗೋಡೆ ಗಟ್ಟಿಯಾಗಿದ್ದರೆ ಒಳಗಿನ ತೇವ ಒಳಗೇ ಉಳಿಯುತ್ತದೆ, ಹೊರಗಿನ ಧೂಳು, ಸಾಬೂನು, ಕ್ರಿಮಿಗಳು ಹೊರಗೇ ನಿಲ್ಲುತ್ತವೆ. ಇಸಬಿನವರ ಗೋಡೆ ಹುಟ್ಟಿನಿಂದಲೇ ಸ್ವಲ್ಪ ಸಡಿಲು. ತೇವ ಆರಿಹೋಗಿ ಚರ್ಮ ಒಣಗುತ್ತದೆ. ಹೊರಗಿನ ವಸ್ತುಗಳು ಒಳನುಗ್ಗುತ್ತವೆ. ಅವನ್ನು ಎದುರಿಸಲು ದೇಹದ ರಕ್ಷಣಾಶಕ್ತಿ ಅಗತ್ಯಕ್ಕಿಂತ ಹೆಚ್ಚಾಗಿ ಕೆರಳುತ್ತದೆ. ಆ ಕೆರಳಿಕೆಯೇ ಉರಿ, ಊತ, ತುರಿಕೆ.

ಈ ಗೋಡೆಯ ದೌರ್ಬಲ್ಯಕ್ಕೆ ಒಂದು ಸ್ಪಷ್ಟ ಕಾರಣವನ್ನು ೨೦೦೬ರಲ್ಲಿ ಸ್ಕಾಟ್ಲೆಂಡಿನ ಡಂಡಿ ವಿಶ್ವವಿದ್ಯಾನಿಲಯದ ಇರ್ವಿನ್ ಮೆಕ್ಲೀನ್ ಮತ್ತು ಅವರ ಸಹೋದ್ಯೋಗಿಗಳು ತೋರಿಸಿಕೊಟ್ಟರು. ಫಿಲಾಗ್ರಿನ್ ಎಂಬ ಸಸಾರಜನಕವನ್ನು ತಯಾರಿಸುವ ವಂಶವಾಹಿಯಲ್ಲಿ ದೋಷವಿದ್ದವರಿಗೆ ಇಸಬು ಬರುವ ಸಂಭವ ಹೆಚ್ಚೆಂದು ಅವರು ಕಂಡುಕೊಂಡರು. ಇಸಬಿರುವ ಎಲ್ಲರಲ್ಲೂ ಈ ದೋಷವಿಲ್ಲ. ದೋಷವಿದ್ದವರಿಗೆಲ್ಲ ಇಸಬೂ ಬರುವುದಿಲ್ಲ. ಆದರೂ ಇದರಿಂದ ದೊಡ್ಡದೊಂದು ಉಪಕಾರವಾಯಿತು. ರಕ್ತ ಕೆಟ್ಟಿದೆ, ಹೊಟ್ಟೆಯಲ್ಲಿ ನಂಜಿದೆ ಎಂದು ಒಳಗೆ ಹುಡುಕುತ್ತಿದ್ದವರ ದೃಷ್ಟಿ ಚರ್ಮದ ಗೋಡೆಯ ಕಡೆಗೆ ತಿರುಗಿತು.

ಬಾಲ್ಯದಲ್ಲಿ ಬರುವ ಈ ಬಗೆಯ ಇಸಬಿಗೆ ಅಟೋಪಿಕ್ ಡರ್ಮಟೈಟಿಸ್ ಎಂಬ ಹೆಸರನ್ನು ೧೯೩೩ರಲ್ಲಿ ಅಮೆರಿಕದ ವೈಸ್ ಮತ್ತು ಸಲ್ಜ್‌ಬರ್ಗರ್ ಎಂಬ ವೈದ್ಯರು ಕೊಟ್ಟರು. ಇಂಥ ಮಕ್ಕಳ ಮನೆಯಲ್ಲಿ ಉಬ್ಬಸ ಅಥವಾ ಸದಾ ಸೀನುವ ನೆಗಡಿ ಇರುವವರು ಯಾರಾದರೂ ಇರುವುದುಂಟು. ನಮ್ಮಲ್ಲಿ ನನ್ನ ಅಜ್ಜಿಗೆ ಉಬ್ಬಸವಿತ್ತು. ಕೆಲವು ದೇಶಗಳಲ್ಲಿ ಐದು ಮಕ್ಕಳಲ್ಲಿ ಒಂದಕ್ಕೆ ಈ ತೊಂದರೆ ಇರುತ್ತದೆ. ನಮ್ಮ ದೇಶದಲ್ಲಿ ಅದಕ್ಕಿಂತ ಕಡಮೆ. ಹೆಚ್ಚಿನ ಮಕ್ಕಳಿಗೆ ಹರೆಯಕ್ಕೆ ಬರುವಷ್ಟರಲ್ಲಿ ತಗ್ಗುತ್ತದೆ. ನಾನು ಆ ಹೆಚ್ಚಿನವರಲ್ಲಿ ಸೇರಲಿಲ್ಲ.

ನಂಜಿನ ಮಾತು ಬಂದುದರಿಂದ ನಮ್ಮ ತಾಯಿಯವರ ವ್ರತವನ್ನು ಹೇಳದೆ ಮುಂದೆ ಹೋಗಲಾರೆ. ಬದನೆಕಾಯಿ ನಂಜು, ಹಲಸಿನಹಣ್ಣು ನಂಜು, ಮೀನು ನಂಜು ಎಂದು ಯಾರೋ ಹೇಳಿದುದರಿಂದ ನಮ್ಮ ಮನೆಯಲ್ಲಿ ಹತ್ತು ವರ್ಷ ಬದನೆಕಾಯಿ ಬೇಯಲಿಲ್ಲ. ಮಗನಿಗೆ ಬೇಡವಾದದ್ದು ತನಗೂ ಬೇಡವೆಂದು ತಾಯಿ ತಾನೂ ತಿನ್ನಲಿಲ್ಲ. ಇಸಬು ಮಾತ್ರ ತನ್ನ ಪಾಡಿಗೆ ತಾನಿತ್ತು. ಕೆಲವು ಚಿಕ್ಕ ಮಕ್ಕಳಲ್ಲಿ ಮೊಟ್ಟೆ, ಹಾಲು ಮುಂತಾದುವು ಇಸಬನ್ನು ಕೆರಳಿಸುವುದು ನಿಜ. ಆದರೆ ಅದನ್ನು ವೈದ್ಯರು ಪರೀಕ್ಷಿಸಿ ನಿರ್ಧರಿಸಬೇಕು. ಬೆಳೆಯುವ ಮಗುವಿನ ತಟ್ಟೆಯಿಂದ ಒಂದೊಂದಾಗಿ ಆಹಾರವನ್ನು ತೆಗೆಯುತ್ತ ಹೋದರೆ ಇಸಬಿನ ಜೊತೆಗೆ ಬಡಕಲುತನವೂ ಸೇರುತ್ತದೆ. ಕಳೆದ ದೀಪಾವಳಿಗೆ ನಮ್ಮ ಮನೆಯಲ್ಲಿ ಎಣ್ಣೆಗಾಯಿ ಮಾಡಿದರು. ಏನೂ ಆಗಲಿಲ್ಲ.

ಹರಕೆಯನ್ನೂ ಹೊತ್ತೆವು, ನಾಗನಿಗೆ ಹಾಲೆರೆದೆವು. ಅದರಿಂದ ಮನೆಯವರಿಗೆ ಸಿಕ್ಕಿದ ಸಮಾಧಾನವನ್ನು ನಾನು ಹಗುರವಾಗಿ ಕಾಣಲಾರೆ. ಆದರೆ ಊರಿನಲ್ಲಿ ಒಬ್ಬರು ಬೆಳ್ಳುಳ್ಳಿ ಅರೆದು ಕಟ್ಟಿದರೆ ಗುಣವಾಗುವುದೆಂದು ಹೇಳಿ ಕಟ್ಟಿಯೂ ಕಟ್ಟಿದರು. ಬೆಳಗಾಗುವಷ್ಟರಲ್ಲಿ ಬೊಬ್ಬೆ ಎದ್ದಿತ್ತು. ಹಸಿ ಬೆಳ್ಳುಳ್ಳಿ ಆರೋಗ್ಯವಂತರ ಚರ್ಮವನ್ನೂ ಸುಡಬಲ್ಲುದು. ಬಿರುಕು ಬಿಟ್ಟ ಗೋಡೆಯ ಗತಿಯೇನು? ಅರಸಿನ, ಬೇವು, ಡೆಟಾಲು ಇವನ್ನೂ ಒಸರುವ ಇಸಬಿನ ಮೇಲೆ ಹಚ್ಚುವುದು ಒಳ್ಳೆಯದಲ್ಲ.

ಇನ್ನು ನಾನು ಸ್ವತಃ ಮಾಡಿಕೊಂಡ ತಪ್ಪು. ಪಿ.ಯು. ತರಗತಿಯಲ್ಲಿದ್ದಾಗ ಪೇಟೆಯ ಒಂದು ಔಷಧದ ಅಂಗಡಿಯಲ್ಲಿ ಕೈ ತೋರಿಸಿದೆ. ಚೀಟಿ ಇಲ್ಲದೆಯೇ ಒಂದು ಮುಲಾಮಿನ ಕೊಳವೆ ಕೊಟ್ಟರು. ಮೂರು ದಿನದಲ್ಲಿ ತುರಿಕೆ ಮಾಯ! ಹದಿನೈದು ವರ್ಷ ಯಾರೂ ಮಾಡದ ಪವಾಡವನ್ನು ಕೆಲವೇ ರೂಪಾಯಿಗಳ ಕೊಳವೆ ಮಾಡಿತೆಂದು ಹಿಗ್ಗಿ, ಕುತ್ತಿಗೆಗೂ ಮುಖಕ್ಕೂ ಹಚ್ಚಿದೆ. ನಿಲ್ಲಿಸಿದೊಡನೆ ಮೊದಲಿಗಿಂತ ಹೆಚ್ಚಾಗಿ ಮರಳಿತು, ಮತ್ತೆ ಹಚ್ಚಿದೆ. ಹೀಗೆ ಒಂದೂವರೆ ವರ್ಷ. ಕಡೆಗೆ ಮೊಣಕೈ ಮಡಿಕೆಯ ಚರ್ಮ ಈರುಳ್ಳಿಯ ಸಿಪ್ಪೆಯಂತೆ ತೆಳುವಾಗಿ, ಒಳಗಿನ ನರಗಳು ಕಾಣತೊಡಗಿದುವು. ಆ ಗೆರೆಗಳು ಈಗಲೂ ಇವೆ, ಇನ್ನು ಹೋಗುವುದಿಲ್ಲವಂತೆ.

ಆ ಮುಲಾಮಿನಲ್ಲಿದ್ದುದು ಕ್ಲೊಬೆಟಸಾಲ್ ಎಂಬ ಅತ್ಯಂತ ತೀಕ್ಷ್ಣವಾದ ಸ್ಟಿರಾಯ್ಡ್. ಸ್ಟಿರಾಯ್ಡ್ ಎಂದ ಮಾತ್ರಕ್ಕೆ ವಿಷವೆಂದು ತಿಳಿಯಬಾರದು. ೧೯೫೨ರಲ್ಲಿ ಅದೇ ಸಲ್ಜ್‌ಬರ್ಗರ್, ವಿಟನ್ ಎಂಬವರೊಡನೆ ಸೇರಿ ಹೈಡ್ರೊಕಾರ್ಟಿಸೋನನ್ನು ಚರ್ಮಕ್ಕೆ ಲೇಪಿಸಿ ಇಸಬು ಇಳಿಯುವುದನ್ನು ತೋರಿಸಿದಂದಿನಿಂದ ಇಂದಿನವರೆಗೂ ಕೆರಳಿದ ಇಸಬಿಗೆ ಮೊದಲನೆಯ ಔಷಧ ಅದೇ ವರ್ಗದ್ದು. ಆದರೆ ಅದರಲ್ಲಿ ಬಲದ ಮೆಟ್ಟಿಲುಗಳಿವೆ. ಹೈಡ್ರೊಕಾರ್ಟಿಸೋನ್ ಕೆಳಗಿನ ಮೆಟ್ಟಿಲು. ಕ್ಲೊಬೆಟಸಾಲ್ ಅದಕ್ಕಿಂತ ಹಲವು ನೂರು ಪಟ್ಟು ಬಲವಾದುದು. ಅಂಗಾಲಿನ ದಪ್ಪ ಚರ್ಮಕ್ಕೆ ಸಲ್ಲುವುದು ಮುಖಕ್ಕೆ ಸಲ್ಲದು. ಯಾವುದು, ಎಲ್ಲಿಗೆ, ಎಷ್ಟು ದಿನ ಎಂಬ ಮೂರನ್ನೂ ವೈದ್ಯರೇ ಹೇಳಬೇಕು. ಅಳತೆಗೆ ಒಂದು ಸುಲಭ ಉಪಾಯವಿದೆ. ದೊಡ್ಡವರ ತೋರುಬೆರಳಿನ ತುದಿಯಿಂದ ಮೊದಲನೆಯ ಗೆಣ್ಣಿನವರೆಗೆ ಕೊಳವೆಯಿಂದ ಹಿಂಡಿದ ಮುಲಾಮು ಸುಮಾರು ಅರ್ಧ ಗ್ರಾಮು. ಅದು ಎರಡು ಅಂಗೈಯಷ್ಟು ಜಾಗಕ್ಕೆ ಸಾಕು. ಹೆದರಿ ಕಡಮೆ ಹಚ್ಚುವುದೂ ತಪ್ಪೇ; ಗುಣವಾಗದೆ ತಿಂಗಳುಗಟ್ಟಲೆ ಎಳೆಯುತ್ತದೆ.

ಇದಕ್ಕಿಂತ ಕೆಟ್ಟದ್ದು ನನ್ನ ಕೊಠಡಿಯ ಸಂಗಾತಿಗೆ ಆಯಿತು. ಅವನಿಗಿದ್ದುದು ಗಜಕರ್ಣ. ಸ್ಟಿರಾಯ್ಡ್, ಶಿಲೀಂಧ್ರನಾಶಕ, ಕ್ರಿಮಿನಾಶಕ ಮೂರನ್ನೂ ಬೆರೆಸಿದ ಮುಲಾಮನ್ನು ಹಚ್ಚಿಕೊಂಡನು. ಸ್ಟಿರಾಯ್ಡಿನಿಂದ ತುರಿಕೆ ಅಡಗಿತು. ಆದರೆ ಚರ್ಮದ ಕಾವಲೂ ಅಡಗಿದುದರಿಂದ ಶಿಲೀಂಧ್ರ ಹಬ್ಬದೂಟ ಮಾಡಿ ಸೊಂಟದಿಂದ ಬೆನ್ನಿನವರೆಗೆ ಹರಡಿತು. ಉಂಗುರದ ಆಕಾರವೂ ಅಳಿಸಿಹೋಗಿ, ಇದೇನೆಂದು ಗುರುತಿಸಲು ವೈದ್ಯರೂ ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡಬೇಕಾಯಿತು. ನಮ್ಮ ದೇಶದಲ್ಲಿ ಈ ಹಾವಳಿ ಎಷ್ಟು ಬೆಳೆಯಿತೆಂದರೆ ಚರ್ಮವೈದ್ಯರ ಸಂಘದವರ ಒತ್ತಾಯದ ಮೇಲೆ ೨೦೧೮ರಲ್ಲಿ ಕೇಂದ್ರ ಸರ್ಕಾರವು ಹಲವು ಸ್ಟಿರಾಯ್ಡ್ ಮುಲಾಮುಗಳನ್ನು ಷೆಡ್ಯೂಲ್ ಎಚ್ ಪಟ್ಟಿಯ ಕಟ್ಟಿಗೆ ಒಳಪಡಿಸಿತು. ಅಂದರೆ ವೈದ್ಯರ ಚೀಟಿ ಇಲ್ಲದೆ ಮಾರಕೂಡದು. ಕಾನೂನು ಇದೆ, ಕೊಳವೆಯೂ ಸಿಗುತ್ತದೆ.

ಸರ್ಕಾರಿ ಆಸ್ಪತ್ರೆಯ ಚರ್ಮವಿಭಾಗದಲ್ಲಿ ನನಗೆ ದೊರೆತ ಚಿಕಿತ್ಸೆಯಲ್ಲಿ ಮುಕ್ಕಾಲು ಪಾಲು ಔಷಧವೇ ಅಲ್ಲ, ಸ್ನಾನದ ಪಾಠ. ನಮ್ಮವರಿಗೆ ಹಂಡೆಯ ಸುಡುನೀರೆಂದರೆ ಪ್ರಾಣ. ಸುಡುನೀರು ಬಿದ್ದಾಗ ತುರಿಕೆಗೆ ಹಾಯೆನಿಸುವುದೂ ನಿಜ. ಆದರೆ ಅದು ಇಟ್ಟಿಗೆಗಳ ನಡುವಿನ ಜಿಡ್ಡನ್ನು ತೊಳೆದುಬಿಡುತ್ತದೆ. ಅರ್ಧ ಗಂಟೆಯಲ್ಲಿ ತುರಿಕೆ ಬಡ್ಡಿಸಹಿತ ಮರಳುತ್ತದೆ. ನೀರು ಉಗುರುಬೆಚ್ಚಗಿರಬೇಕು, ಸ್ನಾನ ಹತ್ತು ನಿಮಿಷದೊಳಗೆ ಮುಗಿಯಬೇಕು, ಸಾಬೂನು ಕಂಕುಳು, ತೊಡೆಸಂದುಗಳಿಗೆ ಮಾತ್ರ ಸಾಕು. ಕಲ್ಲಿನಿಂದಾಗಲಿ ನಾರಿನಿಂದಾಗಲಿ ಉಜ್ಜಬಾರದು. ಪಂಚೆಯಿಂದ ಒತ್ತಿ ನೀರು ತೆಗೆದು, ಮೈ ಇನ್ನೂ ಹಸಿಯಾಗಿರುವಾಗಲೇ, ಎರಡು ಮೂರು ನಿಮಿಷದೊಳಗೆ, ಜಿಡ್ಡನ್ನು ಸವರಬೇಕು. ಒಣಗಿದಮೇಲೆ ಸವರಿದರೆ ಅರ್ಧ ಪ್ರಯೋಜನ.

ಯಾವ ಜಿಡ್ಡು? ಸುವಾಸನೆಯ ದುಬಾರಿ ಕ್ರೀಮುಗಳೇ ಬೇಕೆಂದಿಲ್ಲ. ಸುವಾಸನೆ ಇಲ್ಲದಿರುವುದೇ ಮೇಲು. ವಿದ್ಯಾರ್ಥಿವೇತನದಲ್ಲಿ ಬದುಕುವವನಿಗೆ ಬಿಳಿಯ ಪೆಟ್ರೋಲಿಯಂ ಜೆಲ್ಲಿ ಕೈಗೆಟುಕುವ ವಸ್ತು. ನಮ್ಮ ಕೊಬ್ಬರಿಯೆಣ್ಣೆಯನ್ನೂ ಕಡೆಗಣಿಸಬೇಕಾಗಿಲ್ಲ. ೨೦೦೮ರಲ್ಲಿ ಫಿಲಿಪೀನ್ಸಿನಲ್ಲಿ ನಡೆದ ಒಂದು ಪ್ರಯೋಗದಲ್ಲಿ ತಾಜಾ ತೆಂಗಿನೆಣ್ಣೆಯು ಇಸಬಿನ ಚರ್ಮದ ಮೇಲೆ ಬೀಡುಬಿಡುವ ಸ್ಟಾಫಿಲೊಕಾಕಸ್ ಎಂಬ ಕ್ರಿಮಿಯನ್ನು ಆಲಿವ್ ಎಣ್ಣೆಗಿಂತ ಚೆನ್ನಾಗಿ ತಗ್ಗಿಸಿತು. ಸಾಸಿವೆಯೆಣ್ಣೆ ಮಾತ್ರ ಬೇಡ. ದಿನಕ್ಕೆ ಎರಡು ಸಲ, ಇಸಬು ಕಾಣದಿರುವ ದಿನಗಳಲ್ಲಿಯೂ ಸವರಬೇಕು. ಗೋಡೆ ಸೋರಿದಮೇಲೆ ಸುಣ್ಣ ಬಳಿಯುವವನು ಮೇಸ್ತ್ರಿಯಲ್ಲ ಎಂದು ತಂದೆಯವರು ಇದಕ್ಕೆ ವ್ಯಾಖ್ಯಾನ ಮಾಡಿದರು.

ಉಗುರು ಕತ್ತರಿಸಿಕೊಳ್ಳುವುದು, ಹತ್ತಿಯ ಬಟ್ಟೆ ತೊಡುವುದು, ಉಣ್ಣೆ ಮೈಗೆ ತಾಗದಂತೆ ನೋಡಿಕೊಳ್ಳುವುದು ಇವೆಲ್ಲ ತಿಳಿದ ಮಾತುಗಳೇ. ಕೆರೆಯಬೇಡವೆಂದು ಬುದ್ಧಿ ಹೇಳುವುದು ಮಾತ್ರ ನಿಷ್ಫಲ. ಕೆರೆದಷ್ಟೂ ಗೋಡೆ ಒಡೆಯುತ್ತದೆ, ಒಡೆದಷ್ಟೂ ತುರಿಸುತ್ತದೆಂಬುದು ತುರಿಸುವವನಿಗೆ ಗೊತ್ತು. ಗೊತ್ತಿದ್ದೂ ನಿದ್ರೆಯಲ್ಲಿ ಕೈ ತಾನಾಗಿ ಹೋಗುತ್ತದೆ. ತುರಿಸಿದ ಜಾಗಕ್ಕೆ ತಣ್ಣೀರಿನ ಒದ್ದೆ ಬಟ್ಟೆ ಹಾಕಿ ಒತ್ತುವುದು ನಾನು ಕಂಡ ಒಳ್ಳೆಯ ಉಪಾಯ. ಪರೀಕ್ಷೆಯ ಕಾಲದಲ್ಲಿ ಇಸಬು ಹೆಚ್ಚುವುದೂ ಭ್ರಮೆಯಲ್ಲ. ಮನಸ್ಸಿನ ಕಳವಳ ಚರ್ಮವನ್ನು ತಲಪುತ್ತದೆ. ಒಸರುವ ಜಾಗದಲ್ಲಿ ಹಳದಿ ಹಕ್ಕಳೆ ಕಟ್ಟಿ ನೋವಾದರೆ ಕ್ರಿಮಿ ಸೇರಿದೆಯೆಂದು ತಿಳಿಯಬೇಕು. ಜ್ವರದೊಡನೆ ಒಂದೇ ಗಾತ್ರದ ಗುಳ್ಳೆಗಳು ಗುಂಪಾಗಿ ಎದ್ದು ಕೊರೆದಂತೆ ಹುಣ್ಣಾದರೆ ಅದು ಹರ್ಪಿಸ್ ವೈರಸ್ಸಿನ ಕಾಟವಾಗಿರಬಹುದು. ಅಂದೇ ಆಸ್ಪತ್ರೆಗೆ ಓಡಬೇಕು.

ಮುಲಾಮಿಗೆ ಬಗ್ಗದ ಇಸಬಿಗೆ ಸ್ಟಿರಾಯ್ಡ್ ಅಲ್ಲದ ಟ್ಯಾಕ್ರೊಲಿಮಸ್ ಎಂಬ ಲೇಪವೂ, ೨೦೧೭ರಲ್ಲಿ ಅಮೆರಿಕದಲ್ಲಿ ಮೊದಲು ಒಪ್ಪಿಗೆ ಪಡೆದ ಡುಪಿಲುಮ್ಯಾಬ್ ಎಂಬ ಚುಚ್ಚುಮದ್ದೂ ಇವೆ. ಎರಡನೆಯದರ ಬೆಲೆ ನಮ್ಮಂಥವರು ಕೇಳಿ ಸುಮ್ಮನಾಗುವಂಥದು.

ನಮ್ಮ ಜಿಲ್ಲೆಯ ರೈತರಲ್ಲಿ ಕಾಣುವ ಮತ್ತೊಂದು ಇಸಬಿದೆ. ಅದನ್ನು ನಮ್ಮ ಕಾಲೇಜಿನ ರಾಷ್ಟ್ರೀಯ ಸೇವಾ ಯೋಜನೆಯ ಮಿತ್ರರು ಗಮನಿಸಬೇಕು. ಕಾಂಗ್ರೆಸ್ ಕಳೆಯೆಂದು ನಾವು ಕರೆಯುವ ಪಾರ್ಥೇನಿಯಂ ಅಮೆರಿಕ ಖಂಡದಿಂದ ಬಂದು ೧೯೫೦ರ ದಶಕದಲ್ಲಿ ಪುಣೆಯಲ್ಲಿ ಗುರುತಿಸಲ್ಪಟ್ಟಿತು. ಆಮೇಲೆ ಅದು ತಲಪದ ಹೊಲವಿಲ್ಲ. ೧೯೭೫ರಲ್ಲಿ ಕರ್ನಾಟಕ ಸರ್ಕಾರವು ಅದನ್ನು ಹಾನಿಕರ ಕಳೆಯೆಂದು ಘೋಷಿಸಿತು. ೧೯೮೪ರಲ್ಲಿ ಅದನ್ನು ತಿನ್ನುವ ಮೆಕ್ಸಿಕೋ ದೇಶದ ಜೀರುಂಡೆಯನ್ನು ಬೆಂಗಳೂರಿನಲ್ಲಿ ಬಿಟ್ಟರು. ಕಳೆ ಇನ್ನೂ ಇದೆ. ಅದರಲ್ಲಿರುವ ಪಾರ್ಥೇನಿನ್ ಎಂಬ ವಸ್ತು ಒಣಗಿದ ಪುಡಿಯೊಡನೆ ಗಾಳಿಯಲ್ಲಿ ತೇಲಿ, ಕಣ್ಣಿನ ರೆಪ್ಪೆ, ಕುತ್ತಿಗೆ, ಮೊಣಕೈ ಮಡಿಕೆಗಳಲ್ಲಿ ಕುಳಿತು ಇಸಬನ್ನು ಎಬ್ಬಿಸುತ್ತದೆ. ವರ್ಷಗಟ್ಟಲೆ ಮುಟ್ಟಿಯೂ ಏನೂ ಆಗದವರಿಗೆ ಒಂದು ದಿನ ಥಟ್ಟನೆ ಒಗ್ಗದಿಕೆ ಮೊದಲಾಗಬಹುದು. ಮೊದಲಾದರೆ ಹೋಗುವುದು ಕಷ್ಟ. ಶಿಬಿರಗಳಲ್ಲಿ ನಾವು ಅದನ್ನು ಬರಿಗೈಯಿಂದ ಕಿತ್ತು ಛಾಯಾಚಿತ್ರ ತೆಗೆಸಿಕೊಳ್ಳುತ್ತೇವೆ. ಕೀಳುವುದಾದರೆ ಹೂ ಬಿಡುವ ಮುಂಚೆ, ನೆಲ ತೇವವಿದ್ದಾಗ, ಕೈಗವಸು ತೊಟ್ಟು, ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಂಡು ಕೀಳಬೇಕು. ಇಸಬು, ಉಬ್ಬಸ ಇದ್ದವರನ್ನು ಆ ಕೆಲಸಕ್ಕೆ ಕರೆಯಬಾರದು.

ತಂದೆಯವರ ಇಸಬೂ ಹೀಗೆಯೇ ಹೊರಗಿನಿಂದ ಬಂದುದು. ಹಸಿ ಸಿಮೆಂಟು ತೀಕ್ಷ್ಣವಾದ ಕ್ಷಾರ. ಅದು ಮೊದಲು ಚರ್ಮವನ್ನು ತಿನ್ನುತ್ತದೆ. ಆಮೇಲೆ ಅದರಲ್ಲಿ ಕರಗಿರುವ ಕ್ರೋಮಿಯಂ ಒಳಹೊಕ್ಕು ಒಗ್ಗದಿಕೆಯನ್ನು ಹುಟ್ಟಿಸುತ್ತದೆ. ನನ್ನನ್ನು ನೋಡಿದ ವೈದ್ಯರೇ ಅವರ ಕೈಯನ್ನೂ ಕಂಡು, ಬೆನ್ನಿನ ಮೇಲೆ ಹತ್ತಾರು ಪದಾರ್ಥಗಳ ಪಟ್ಟಿಯನ್ನು ಅಂಟಿಸಿ, ಎರಡು ದಿನ ಬಿಟ್ಟು ಬಿಚ್ಚಿ ನೋಡಿ, ಮತ್ತೆರಡು ದಿನ ಬಿಟ್ಟು ಇನ್ನೊಮ್ಮೆ ನೋಡಿದರು. ಕ್ರೋಮಿಯಂ ಇದ್ದ ಜಾಗ ಮಾತ್ರ ಕೆಂಪಾಗಿ ಉಬ್ಬಿತ್ತು. ನಾಲ್ಕು ದಿನದ ಕೂಲಿ ಹೋಯಿತೆಂದು ಅವರಿಗೆ ಬೇಸರ. ಇಪ್ಪತ್ತು ವರ್ಷದ ಪ್ರಶ್ನೆಗೆ ಉತ್ತರ ಸಿಕ್ಕಿತೆಂದು ನನಗೆ ಸಂತೋಷ.

ಇದಕ್ಕೆ ಮದ್ದು ಕಾರ್ಖಾನೆಯಲ್ಲೇ ಇದೆ. ಸಿಮೆಂಟಿಗೆ ಸ್ವಲ್ಪ ಫೆರಸ್ ಸಲ್ಫೇಟ್ ಬೆರೆಸಿದರೆ ಕ್ರೋಮಿಯಂ ಕರಗದ ರೂಪಕ್ಕೆ ತಿರುಗಿ ನಿರಪಾಯವಾಗುತ್ತದೆ. ಡೆನ್ಮಾರ್ಕಿನವರು ೧೯೮೦ರ ದಶಕದಲ್ಲಿಯೇ ಹೀಗೆ ಮಾಡಿದರು; ಅಲ್ಲಿ ಸಿಮೆಂಟಿನ ಇಸಬು ಇಳಿಯಿತು. ೨೦೦೫ರಿಂದ ಯೂರೋಪಿನ ಒಕ್ಕೂಟದ ದೇಶಗಳಲ್ಲಿ ಸಿಮೆಂಟಿನ ಹತ್ತು ಲಕ್ಷ ಭಾಗಗಳಲ್ಲಿ ಕರಗುವ ಇಂಥ ಕ್ರೋಮಿಯಂ ೨ ಭಾಗಕ್ಕಿಂತ ಹೆಚ್ಚಿರಕೂಡದೆಂಬ ನಿಯಮವಿದೆ. ಅರ್ಥಶಾಸ್ತ್ರದ ತರಗತಿಯಲ್ಲಿ ಉತ್ಪಾದನಾ ವೆಚ್ಚದ ಪಾಠ ನಡೆದಾಗಲೆಲ್ಲ ನನಗೆ ಈ ಚಿಟಿಕೆ ಫೆರಸ್ ಸಲ್ಫೇಟಿನ ನೆನಪಾಗುತ್ತದೆ. ಅದನ್ನು ಬೆರೆಸದಿದ್ದರೆ ಉಳಿಯುವ ಹಣ ಒಬ್ಬರದು, ಕೈ ಇನ್ನೊಬ್ಬರದು.

ಕೆಲಸ ಬಿಡಿರೆಂದು ವೈದ್ಯರು ಹೇಳಲಿಲ್ಲ. ಹೇಳಿದರೂ ನಡೆಯುತ್ತಿರಲಿಲ್ಲವೆಂದು ಅವರಿಗೆ ತಿಳಿದಿತ್ತು. ಕೆಲಸಕ್ಕೆ ಮುಂಚೆ ಜೆಲ್ಲಿ ಸವರಿ, ಒಳಗೆ ಹತ್ತಿಯ ಪದರವಿರುವ ರಬ್ಬರಿನ ಕೈಗವಸು ತೊಡಬೇಕು. ಒಳಗೆ ಗಾರೆ ಹೊಕ್ಕರೆ ಆ ಕ್ಷಣವೇ ತೆಗೆದು ಶುದ್ಧ ನೀರಿನಲ್ಲಿ ಕೈ ತೊಳೆಯಬೇಕು. ಕರಣೆ ತೊಳೆದ ಬಕೆಟ್ಟಿನ ನೀರಿನಲ್ಲಿ ತೊಳೆಯಬಾರದು ಎಂದು ಹೇಳಿಕೊಟ್ಟರು. ನನ್ನ ವಿದ್ಯಾರ್ಥಿವೇತನ ಬಂದ ತಿಂಗಳು ಎರಡು ಜೊತೆ ಕೈಗವಸು ಕೊಂಡುಹೋದೆ. ತಂದೆಯವರು ಒಂದು ವಾರ ತೊಟ್ಟು, ಬಲಗೈಗೆ ಗವಸು ಹಾಕಿದರೆ ಕರಣೆ ಮಾತು ಕೇಳುವುದಿಲ್ಲವೆಂದು ಅದನ್ನು ತೆಗೆದಿಟ್ಟರು. ಈಗ ಎಡಗೈಗೆ ಮಾತ್ರ ತೊಡುತ್ತಾರೆ. ಸಂಕ್ರಾಂತಿಗೆ ಊರಿಗೆ ಹೋದಾಗ ಎರಡು ಕೈಗಳನ್ನೂ ಪಕ್ಕಪಕ್ಕಕ್ಕೆ ಹಿಡಿದು ತೋರಿಸಿದರು. ಎಡಗೈಯ ಬಿರುಕುಗಳು ಮುಚ್ಚಿದ್ದುವು. ಬಲಗೈ ಮೊದಲಿನಂತೆಯೇ ಇತ್ತು. ಅವರು ಎರಡನ್ನೂ ಬಹಳ ಹೊತ್ತು ನೋಡಿ, ಇನ್ನೂ ತೆಳುವಾದ ಗವಸು ಪೇಟೆಯಲ್ಲಿ ಸಿಗುತ್ತದೆಯೇ ವಿಚಾರಿಸು ಎಂದರು.